ಪುಟ್ಟನ ಐಸ್ ಹಾಕಿಗೆ ಮೊದಲು ಕಾಲು, ಆಮೇಲೆ ಸ್ಟಿಕ್

ಕ್ಯಾಲ್ಗರಿ
ಏಪ್ರಿಲ್ 12, 2026

ಪ್ರೀತಿಯ ಅಣ್ಣ, ಅತ್ತಿಗೆಗೆ,

ನಾವಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಅಂತ ಓದಿ ಸಮಾಧಾನವಾಯಿತು. ಆಗಸ್ಟಿನಲ್ಲಿ ಇಲ್ಲಿಗೆ ಬರುವಷ್ಟರಲ್ಲಿ ಪುಟ್ಟನನ್ನು ಹಾಕಿಗೆ ಹೇಗೆ ತಯಾರು ಮಾಡುವುದು, ಬೆಂಗಳೂರಿನಿಂದ ಏನೇನು ಕೊಂಡು ತರಬೇಕು ಅಂತ ಕೇಳಿದ್ದಿರಿ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಹಾಕಿಯ ಸಾಮಾನು ಅಲ್ಲಿ ಏನೂ ಕೊಳ್ಳಬೇಡಿ. ಉಳಿದಿರುವ ನಾಲ್ಕು ತಿಂಗಳು ಅವನ ಕಾಲಿಗೆ ಕೆಲಸ ಕೊಡಿ. ಐಸಿನ ಮೇಲೆ ಕಾಲು ನಿಲ್ಲದ ಮಗುವಿಗೆ ಎಷ್ಟು ದುಬಾರಿ ಸ್ಟಿಕ್ ಕೊಟ್ಟರೂ ಅದು ಊರುಗೋಲೇ ಆಗುತ್ತದೆ.

ಲೀಗಿನ ಸುದ್ದಿ ಮೊದಲು. ಇಲ್ಲಿನ ಸೀಸನ್ ಮಾರ್ಚಿಗೆ ಮುಗಿಯಿತು. ಮುಂದಿನದಕ್ಕೆ ಬೇಸಿಗೆಯಲ್ಲೇ ಹೆಸರು ನೋಂದಾಯಿಸಬೇಕು; ಸೆಪ್ಟೆಂಬರಿನಲ್ಲಿ ಮಕ್ಕಳನ್ನು ಐಸಿಗೆ ಇಳಿಸಿ, ಆಟ ನೋಡಿ, ಸರಿಸಮ ಇರುವವರನ್ನು ಒಂದೊಂದು ತಂಡಕ್ಕೆ ಹಾಕುತ್ತಾರೆ. ಬಡಾವಣೆಯ ಲೀಗಿನಲ್ಲಿ ಯಾರನ್ನೂ ಹೊರಗೆ ಹಾಕುವುದಿಲ್ಲ, ಎಲ್ಲರಿಗೂ ಒಂದು ತಂಡ ಸಿಗುತ್ತದೆ. ವಯಸ್ಸಿನ ಲೆಕ್ಕ ನಮ್ಮ ಶಾಲೆಗಳ ಜೂನ್ ಲೆಕ್ಕವಲ್ಲ. ಡಿಸೆಂಬರ್ 31ಕ್ಕೆ ಎಷ್ಟು ತುಂಬಿರುತ್ತದೆ ಅನ್ನುವುದೇ ಲೆಕ್ಕ. ಪುಟ್ಟ 2017ರ ನವೆಂಬರಿನವನು. ಹಾಗಾಗಿ 2026–27ರ ಸೀಸನ್‌ನಲ್ಲಿ ನೇರ ಯು-11ಕ್ಕೆ, ಅಂದರೆ 11 ತುಂಬದವರ ಗುಂಪಿಗೆ ಬರುತ್ತಾನೆ. 2019ರಲ್ಲಿ ಹುಟ್ಟಿದ ಪುಟ್ಟಿ ಯು-9.

ಇದು ಸಣ್ಣ ವ್ಯತ್ಯಾಸ ಅಲ್ಲ. ಇಲ್ಲಿನ ರಿಂಕ್, ಅಂದರೆ ಐಸಿನ ಅಂಗಳ, 200 ಅಡಿ ಉದ್ದ, 85 ಅಡಿ ಅಗಲ. ಯು-7, ಯು-9 ಮಕ್ಕಳು ಅದರ ಒಂದು ಭಾಗದಲ್ಲಷ್ಟೇ ಆಡುತ್ತಾರೆ. ಯು-7ಕ್ಕಂತೂ 4 ಔನ್ಸಿನ ಹಗುರವಾದ ನೀಲಿ ಪಕ್ (ಚೆಂಡಿನ ಬದಲು ಆಡುವ ಚಪ್ಪಟೆ ಬಿಲ್ಲೆ) ಕೊಡುತ್ತಾರೆ. ಚಿಕ್ಕ ಜಾಗವಾದ್ದರಿಂದ ಪ್ರತಿ ಮಗುವಿಗೂ ಪಕ್ ಹೆಚ್ಚು ಸಲ ಸಿಗುತ್ತದೆ, ತಿರುಗುವುದು ನಿಲ್ಲುವುದು ತಾನಾಗಿ ಅಭ್ಯಾಸವಾಗುತ್ತದೆ. ಪುಟ್ಟಿಗೆ ಆ ಅನುಕೂಲ ಇದೆ. ಪುಟ್ಟನಿಗೆ ಇಲ್ಲ. ಅವನಿಗೆ ಮೊದಲ ದಿನದಿಂದಲೇ ಪೂರ್ತಿ ರಿಂಕು, ಪಕ್ಕಿಗಿಂತ ಮೊದಲು ಎದುರಾಳಿಯ ವಲಯಕ್ಕೆ ನುಗ್ಗಬಾರದು ಅನ್ನುವ ಆಫ್‌ಸೈಡ್ ನಿಯಮ, ಕ್ರಿಕೆಟ್ ಚೆಂಡಿನಷ್ಟೇ ತೂಕದ, ಅಂದರೆ 156ರಿಂದ 170 ಗ್ರಾಂನ ಗಟ್ಟಿ ರಬ್ಬರ್ ಪಕ್ಕು. ಜೊತೆಯ ಮಕ್ಕಳು ಮೂರು ನಾಲ್ಕು ವರ್ಷದಿಂದ ಆಡುತ್ತಿರುತ್ತಾರೆ. ಆದ್ದರಿಂದ ಬಂದ ಕೂಡಲೇ ‘ಫಸ್ಟ್ ಶಿಫ್ಟ್’ಗೆ ಅವನ ಹೆಸರು ಕೊಡೋಣ. ಹಿಂದೆ ಹಾಕಿ ಆಡದ 6ರಿಂದ 10 ವರ್ಷದ ಮಕ್ಕಳಿಗೆ ಬಾವರ್ ಕಂಪನಿ ಮತ್ತು ಹಾಕಿ ಕೆನಡಾ ಸೇರಿ 2013ರಲ್ಲಿ ಶುರುಮಾಡಿದ ಕಾರ್ಯಕ್ರಮ ಅದು. ತಲೆಯಿಂದ ಕಾಲಿನವರೆಗೆ ಸಾಮಾನು ಅಳತೆ ನೋಡಿ ಕೊಟ್ಟು, ಆರು ಪಾಠ ಮಾಡಿಸುತ್ತಾರೆ. ಜಾಗ ಬೇಗ ತುಂಬಿಹೋಗುತ್ತದೆ.

ಈಗ ಕಾಲಿನ ವಿಷಯ. ಅವನು ಜಯನಗರದಲ್ಲಿ ಹೋಗುತ್ತಿರುವ ಕ್ಲಾಸಿನಲ್ಲಿ ಕಲಿಸುವುದು ರೇಸಿನ ಸ್ಕೇಟಿಂಗ್. ಅದರಿಂದ ಬಹಳ ಲಾಭ ಇದೆ. ಮಂಡಿ ಬಗ್ಗಿಸಿ ಕೆಳಗೆ ಕೂರುವುದು, ಒಂದು ಕಾಲಿನಿಂದ ಪೂರ್ತಿ ತಳ್ಳಿ ಇನ್ನೊಂದರ ಮೇಲೆ ಭಾರ ಹಾಕಿ ಜಾರುವುದು, ಇವೆಲ್ಲ ಐಸಿಗೂ ಹಾಗೇ ಬರುತ್ತವೆ. ಆದರೆ ರೇಸಿನ ಟ್ರ್ಯಾಕಿನಲ್ಲಿ ಯಾವಾಗಲೂ ಎಡಕ್ಕೇ ತಿರುಗುತ್ತಾರೆ. ಬಲಗಾಲು ಎಡಗಾಲನ್ನು ದಾಟುವುದು ಸಲೀಸಾಗುತ್ತದೆ, ಇನ್ನೊಂದು ಕಡೆ ಬರುವುದೇ ಇಲ್ಲ. ಹಾಕಿಯಲ್ಲಿ ಅರ್ಧದಷ್ಟು ತಿರುವು ಬಲಕ್ಕೇ ಇರುತ್ತದೆ, ಎಡಕ್ಕೆ ಮಾತ್ರ ತಿರುಗುವ ಹುಡುಗನನ್ನು ಎದುರಾಳಿ ಎರಡೇ ನಿಮಿಷದಲ್ಲಿ ಕಂಡುಕೊಳ್ಳುತ್ತಾನೆ. ಕ್ಲಾಸ್ ಮುಗಿದು ರಿಂಕ್ ಖಾಲಿಯಾದ ಮೇಲೆ ದಿನಾ ಹತ್ತು ನಿಮಿಷ ಬಲಸುತ್ತು ಹಾಕಿಸಲು ಅವರ ಸರ್‌ಗೆ ಹೇಳಿ. ಬೇರೆ ಮಕ್ಕಳು ಓಡುತ್ತಿರುವಾಗ ಬೇಡ, ಎದುರುಬದುರು ಡಿಕ್ಕಿಯಾಗುತ್ತದೆ. ರೇಸಿನ ಸ್ಕೇಟಿನ ಬೂಟು ಗಿಡ್ಡ, ಚಕ್ರ ದೊಡ್ಡದು. ಸಾಧ್ಯವಾದರೆ ಪಾದದ ಗಂಟು ಮುಚ್ಚುವ ಬೂಟಿನ, 76 ಅಥವಾ 80 ಮಿ.ಮೀ. ಚಕ್ರದ ಇನ್‌ಲೈನ್ ಸ್ಕೇಟ್ ಬಾಡಿಗೆಗೋ ಎರವಲಿಗೋ ತೆಗೆದುಕೊಂಡು ಅದರಲ್ಲಿ ಅಭ್ಯಾಸ ಮಾಡಿಸಿ. ಹಿಂದಕ್ಕೆ ಓಡುವುದನ್ನೂ ಬಿಡಬೇಡಿ.

ಚಕ್ರಕ್ಕೂ ಬ್ಲೇಡಿಗೂ ಇರುವ ವ್ಯತ್ಯಾಸ ಇದು: ನಾಲ್ಕು ಚಕ್ರ ಸಾಲಾಗಿ ನೆಲಕ್ಕೆ ತಾಗಿರುತ್ತವೆ. ಐಸ್ ಸ್ಕೇಟಿನ ಬ್ಲೇಡ್ ಸುಮಾರು 3 ಮಿ.ಮೀ. ದಪ್ಪ, ಹಿಂದುಮುಂದಾಗಿ ಕೊಂಚ ಬಾಗಿರುವುದರಿಂದ ಒಂದು ಹೊತ್ತಿಗೆ ಅದರ ಸ್ವಲ್ಪ ಭಾಗ ಮಾತ್ರ ಐಸಿಗೆ ತಾಗುತ್ತದೆ. ಚಕ್ರದ ಮೇಲೆ ಚೆನ್ನಾಗಿ ಓಡುವ ಮಕ್ಕಳೂ ಮೊದಲ ದಿನ ಹಿಂದಕ್ಕೆ ವಾಲಿ ಬೀಳುವುದು ಇದಕ್ಕೇ. ಮನೆಯಲ್ಲೇ ಮಾಡಿಸಬಹುದಾದದ್ದು: ಬರಿಗಾಲಿನಲ್ಲಿ, ಮಡಿಸಿದ ಜಮಖಾನದ ಮೇಲೆ ಒಂಟಿಕಾಲಲ್ಲಿ 30 ಸೆಕೆಂಡ್ ನಿಲ್ಲಲಿ. ಮಂಡಿ ಬಗ್ಗಿ ಕಾಲ್ಬೆರಳ ನೇರಕ್ಕೆ ಬರಬೇಕು, ಪಾದದ ಗಂಟು ಒಳಕ್ಕೆ ಕುಸಿಯಬಾರದು. ಆಮೇಲೆ ಇನ್ನೊಂದು ಕಾಲು. ಅದು ಸುಲಭವಾದ ಮೇಲೆ ಕಣ್ಣು ಮುಚ್ಚಿಕೊಂಡು.

ಚಕ್ರದ ಮೇಲೆ ಕಲಿಯಲು ಆಗದೇ ಇರುವುದು ಒಂದೇ, ನಿಲ್ಲುವುದು. ರಸ್ತೆಯ ಮೇಲೆ ಚಕ್ರ ಅಡ್ಡಕ್ಕೆ ಜಾರುವುದಿಲ್ಲ, ಐಸಿನಲ್ಲಿ ಬ್ಲೇಡ್ ಅಡ್ಡಕ್ಕೆ ಜಾರಿದರೇ ನಿಲ್ಲುವುದು. ಬ್ಲೇಡಿನ ಅಡಿಯಲ್ಲಿ ಉದ್ದಕ್ಕೂ ಸಣ್ಣ ತಗ್ಗು ಕೊರೆದಿರುತ್ತಾರೆ, ಹಾಗಾಗಿ ಒಳಗಡೆ ಒಂದು ಅಂಚು, ಹೊರಗಡೆ ಒಂದು ಅಂಚು. ನಾವು ಇಲ್ಲಿ ಮಕ್ಕಳಿಗೆ ಕಲಿಸುವಾಗ ಮಗು ರಿಂಕಿನ ಸುತ್ತಲ ಗೋಡೆಯಂಥ ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತು, ಒಂದು ಕಾಲಿನ ಒಳ ಅಂಚಿನಿಂದ ಐಸನ್ನು ಹೊರಕ್ಕೆ ಕೆರೆಯಬೇಕು. ಬಿಳಿ ಪುಡಿ ಏಳಬೇಕು, ಕರ್ರ್ ಅಂತ ಸದ್ದು ಬರಬೇಕು. ಪುಡಿ ಬರದೆ ಗೀರು ಬಿದ್ದರೆ ಬ್ಲೇಡ್ ತುಂಬ ವಾಲಿದೆ ಅಂತ. ಏನೂ ಬರದಿದ್ದರೆ ಭಾರ ಬಿದ್ದಿಲ್ಲ ಅಂತ. ಎರಡೂ ಕಾಲಿಗೆ ಇದು ಬಂದ ಮೇಲೆ ನಿಧಾನವಾಗಿ ಜಾರುತ್ತಾ ಒಂದೇ ಕಾಲನ್ನು ಹೊರಕ್ಕೆ ತಳ್ಳಿ ನಿಲ್ಲುವುದು. ಕೊನೆಗೆ ಪೂರ್ತಿ ಹಾಕಿ ಸ್ಟಾಪ್: ಕೊಂಚ ಮೇಲೆದ್ದು ಭಾರ ಹಗುರ ಮಾಡಿ, ಸೊಂಟ ಮತ್ತು ಎರಡೂ ಪಾದ ಅಡ್ಡಕ್ಕೆ ತಿರುಗಿಸಿ, ತಕ್ಷಣ ಮಂಡಿ ಬಗ್ಗಿಸಿ ಒತ್ತುವುದು. ಮುಂದಿನ ಕಾಲಿನ ಒಳ ಅಂಚು, ಹಿಂದಿನ ಕಾಲಿನ ಹೊರ ಅಂಚು. ಭುಜ ಮಾತ್ರ ಹೋಗುತ್ತಿದ್ದ ದಿಕ್ಕಿಗೇ ಇರಬೇಕು. ಭುಜವೂ ತಿರುಗಿದರೆ ಮಗು ಸುತ್ತಿಕೊಂಡು ಬೀಳುತ್ತದೆ. ಪಾದ ಒಂದಕ್ಕೊಂದು ಅಂಟಿಕೊಂಡಿದ್ದರೂ ಹಾಗೇ. ಎಲ್ಲ ಮಕ್ಕಳಿಗೂ ಒಂದು ಕಡೆ ಬೇಗ ಬರುತ್ತದೆ, ಆ ಖುಷಿಯಲ್ಲಿ ಇನ್ನೊಂದು ಕಡೆ ಬಿಟ್ಟೇಬಿಡುತ್ತಾರೆ. ಬಾರದ ಕಡೆಗೆ ಎರಡರಷ್ಟು ಸಮಯ ಕೊಡುವುದು ನನ್ನ ಪದ್ಧತಿ.

ಬಿದ್ದರೆ ಕೈಬೆರಳು ಮಡಿಸಿ ಮುಷ್ಟಿ ಮಾಡಿಕೊಳ್ಳುವುದನ್ನು ಈಗಲೇ ಕಲಿಸಿ. ಏಳುವಾಗ ಮೊದಲು ಎರಡೂ ಮಂಡಿ, ಆಮೇಲೆ ಒಂದು ಪಾದ ಊರಿ, ಅದೇ ಮಂಡಿಯ ಮೇಲೆ ಕೈಯಿಟ್ಟು ಏಳಬೇಕು.

ಸ್ಟಿಕ್ ಅಭ್ಯಾಸಕ್ಕೆ ನಮ್ಮ ತಾರಸಿ ಸಾಕು. ಆದರೆ ಬರಿ ಸಿಮೆಂಟ್ ನೆಲದ ಮೇಲೆ ಸ್ಟಿಕ್ಕಿನ ಅಡಿ ವಾರದೊಳಗೆ ಸವೆದುಹೋಗುತ್ತದೆ, ಚೆಂಡೂ ಜಾರುವುದಿಲ್ಲ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆಯಿಂದ 8 ಅಡಿಗೆ 4 ಅಡಿಯ, 12 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ತರಿಸಿ, ಮೇಲೆ ನುಣುಪಾದ ಸನ್‌ಮೈಕಾ ಅಂಟಿಸಿ. ಗೀರಿನ ಡಿಸೈನಿನದು ಬೇಡ. ಅಂಚಿಗೆ ಬಣ್ಣ ಬಳಿಸಿ, ಇಲ್ಲದಿದ್ದರೆ ಮೇ ತಿಂಗಳ ಮಳೆಗೆ ಉಬ್ಬಿಕೊಳ್ಳುತ್ತದೆ. ಒದ್ದೆಯಾಗಿದ್ದಾಗ ಅದರ ಮೇಲೆ ಯಾರೂ ಕಾಲಿಡಬಾರದು, ಅಮ್ಮನಿಗೆ ಮುಖ್ಯವಾಗಿ ಹೇಳಿ. ಪಕ್ ಬದಲು ಗಾಲ್ಫ್ ಚೆಂಡಾದರೂ ಸರಿ. ಮೊದಲು ಪಾದದ ಮುಂದೆ ಅಂಗೈ ಅಗಲದಷ್ಟು ಜಾಗದಲ್ಲಿ ಬೇಗ ಬೇಗ ಎಡಬಲ, ಆಮೇಲೆ ಕೈ ಚಾಚುವಷ್ಟು ಅಗಲಕ್ಕೆ. ಮೇಲಿನ ಕೈ ತಿರುಚಬೇಕು, ಕೆಳಗಿನ ಕೈ ಕೋಲಿನ ಮೇಲೆ ಸಡಿಲವಾಗಿ ಜಾರಬೇಕು. ಅಣ್ಣ, ನೀನು ಎದುರಿಗೆ ನಿಂತು ಬೆರಳು ತೋರಿಸು, ಎಷ್ಟು ಅಂತ ಅವನು ಹೇಳುತ್ತಿರಲಿ. ಚೆಂಡನ್ನೇ ನೋಡಿಕೊಂಡು ಆಡುವ ಅಭ್ಯಾಸ ಐಸಿನಲ್ಲಿ ಅಪಾಯ, ಎದುರಿಗೆ ಬರುವವರು ಕಾಣುವುದಿಲ್ಲ.

ಅವನು ಎಡವೋ ಬಲವೋ ಅನ್ನುವುದನ್ನು ಈಗಲೇ ತೀರ್ಮಾನಿಸಬೇಡಿ. ಬಲಗೈ ಬ್ಯಾಟ್ಸ್‌ಮನ್‌ಗಳು ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿಯುತ್ತಾರೆ. ನಮ್ಮ ಕೊಡಗಿನವರು ಆಡುವ ಹಾಕಿಯಲ್ಲೂ ಅದೇ ಹಿಡಿತ, ಅಲ್ಲಿ ಸ್ಟಿಕ್ಕಿನ ಒಂದೇ ಮುಖದಲ್ಲಿ ಆಡುವುದರಿಂದ ಬೇರೆ ದಾರಿಯಿಲ್ಲ. ಐಸ್ ಹಾಕಿಯಲ್ಲಿ ಎರಡು ಬಗೆಯ ಸ್ಟಿಕ್ಕೂ ಇವೆ. ಒಂದೇ ಕೈಯಲ್ಲಿ ಸ್ಟಿಕ್ ಹಿಡಿದು ಪಕ್ ಎಳೆದುಕೊಳ್ಳುವ ಸಂದರ್ಭ ಬಹಳ, ಆಗ ಹಿಡಿಯುವುದು ಮೇಲಿನ ಕೈ. ಬಲಗೈ ಬಳಸುವ ಎಷ್ಟೋ ಕೆನಡಾ ಮಕ್ಕಳು ಬಲಗೈಯನ್ನೇ ಮೇಲಿಟ್ಟು ಎಡಬದಿಯಿಂದ ಆಡುತ್ತಾರೆ. ಉದ್ದದ ಕೋಲೊಂದನ್ನು ಕೊಟ್ಟು ಎರಡೂ ರೀತಿ ಆಡಿಸಿ, ಯಾವುದು ಹಿತ ಅಂತ ನನಗೆ ತಿಳಿಸಿ. ಸ್ಟಿಕ್ ಇಲ್ಲೇ ಕೊಳ್ಳೋಣ. ಬರಿಗಾಲಲ್ಲಿ ನಿಂತಾಗ ಮೂಗಿನವರೆಗೆ, ಸ್ಕೇಟ್ ಹಾಕಿದಾಗ ಗದ್ದದವರೆಗೆ ಇರಬೇಕು. ಸ್ಟಿಕ್ಕಿನ ಬಳುಕುವಿಕೆಗೆ ಒಂದು ಅಂಕಿ ಇರುತ್ತದೆ. ಮಗುವಿನ ತೂಕ ಪೌಂಡಿನಲ್ಲಿ ಎಷ್ಟೋ ಅದರ ಅರ್ಧಕ್ಕಿಂತ ಜಾಸ್ತಿ ಬೇಡ. ಪುಟ್ಟ 27 ಕೆ.ಜಿ., ಅಂದರೆ 60 ಪೌಂಡ್, ಅವನಿಗೆ 30. ಮುಂದೆ ಬೆಳೆಯುತ್ತಾನೆ ಅಂತ ಉದ್ದದ್ದು ತಂದು ಕತ್ತರಿಸಿದರೆ ಅದು ಇನ್ನೂ ಬಿಗಿಯಾಗುತ್ತದೆ, ಶಾಟ್ ಏಳುವುದೇ ಇಲ್ಲ.

ಸ್ಕೇಟಿನ ವಿಷಯದಲ್ಲಂತೂ ದಯವಿಟ್ಟು ‘ಒಂದು ಸೈಜ್ ದೊಡ್ಡದಿರಲಿ’ ಅನ್ನಬೇಡಿ. ಶೂಗಿಂತ ಒಂದು, ಒಂದೂವರೆ ಸೈಜ್ ಚಿಕ್ಕದೇ ಸರಿಯಾಗಿ ಕೂರುತ್ತದೆ. ತೆಳ್ಳನೆಯ ಒಂದೇ ಸಾಕ್ಸ್ ಹಾಕಿ ನೇರ ನಿಂತಾಗ ಬೆರಳ ತುದಿ ಮುಂದೆ ಸವರಿದ ಹಾಗಿರಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಬೂಟಿನೊಳಗೆ ಪಾದ ಆಡಿದರೆ ಗಂಟು ಒಳಕ್ಕೆ ಕುಸಿಯುತ್ತದೆ. ಜನ ಮಗುವಿನ ಕಾಲು ದುರ್ಬಲ ಅಂದುಕೊಳ್ಳುತ್ತಾರೆ, ತಪ್ಪು ಬೂಟಿನದು. ಲೇಸನ್ನು ಬೆರಳ ಹತ್ತಿರ ಸಡಿಲ, ಪಾದದ ಬಾಗಿನಲ್ಲಿ ಬಿಗಿ, ಮೇಲ್ತುದಿಯಲ್ಲಿ ಮಂಡಿ ಬಗ್ಗುವಷ್ಟು ಸಡಿಲ ಕಟ್ಟಬೇಕು. ಉಳಿದ ಲೇಸನ್ನು ಕಾಲಿಗೆ ಸುತ್ತಬೇಡಿ, ರಕ್ತ ಓಡದೆ ಪಾದ ಜೋಮು ಹಿಡಿಯುತ್ತದೆ. ಹೊಸ ಸ್ಕೇಟಿಗೆ ಅಂಗಡಿಯಲ್ಲೇ ಸಾಣೆ ಹಿಡಿಸಬೇಕು. ಅರ್ಧ ಇಂಚಿನ ಸಾಣೆ ಕೇಳೋಣ; ಬ್ಲೇಡಿನ ಅಡಿಯ ತಗ್ಗಿನ ಅಳತೆ ಅದು. ಅಂಕಿ ಅದಕ್ಕಿಂತ ಚಿಕ್ಕದಾದಷ್ಟೂ ತಗ್ಗು ಆಳ, ಅಂಚು ಐಸನ್ನು ಹೆಚ್ಚು ಕಚ್ಚುತ್ತದೆ. ನಿಲ್ಲಲು ಕಲಿಯುವವನಿಗೆ ಅಷ್ಟು ಕಚ್ಚುವುದು ತೊಡಕು. ಮನೆಗೆ ಬಂದ ಮೇಲೆ ಬ್ಲೇಡ್ ಒರೆಸದಿದ್ದರೆ ಬೆಳಗಾಗುವಷ್ಟರಲ್ಲಿ ತುಕ್ಕು.

ಶಿನ್ ಪ್ಯಾಡು, ಪ್ಯಾಂಟು, ಎಲ್ಬೋ ಪ್ಯಾಡು ಸೆಕೆಂಡ್ ಹ್ಯಾಂಡ್ ಪರವಾಗಿಲ್ಲ, ಇಲ್ಲಿ ಒಳ್ಳೆಯವೇ ಸಿಗುತ್ತವೆ. ಹೆಲ್ಮೆಟ್ ಮಾತ್ರ ಹೊಸದೇ ಇರಲಿ, ಕೆನಡಾದ ಸುರಕ್ಷತಾ ಮಾನದಂಡದ ಸಿಎಸ್‌ಎ ಗುರುತು ಇರಬೇಕು, ಮುಖಕ್ಕೆ ಪೂರ್ತಿ ಜಾಲರಿ ಇರಬೇಕು. ಕ್ರಿಕೆಟ್ ಹೆಲ್ಮೆಟ್ ನಡೆಯುವುದಿಲ್ಲ. ಕುತ್ತಿಗೆಯ ಗಾರ್ಡ್ ಕಡ್ಡಾಯ.

ಅತ್ತಿಗೆ, ಟಿವಿಯಲ್ಲಿ ದೊಡ್ಡವರು ಗುದ್ದಾಡುವುದನ್ನು ನೋಡಿ ನೀವು ಹೆದರಿದ್ದೀರಿ ಅಂತ ಅಣ್ಣ ಹೇಳಿದ. ಮಕ್ಕಳ ಲೀಗು ಹಾಗಿಲ್ಲ. ಯು-11ರಲ್ಲಿ ಬಾಡಿ ಚೆಕಿಂಗ್, ಅಂದರೆ ಎದುರಾಳಿಯನ್ನು ಮೈಯಿಂದ ಗುದ್ದಿ ತಡೆಯುವುದು, ಇಲ್ಲವೇ ಇಲ್ಲ. 11, 12 ವರ್ಷದವರ ಆಟದಿಂದಲೂ ಹಾಕಿ ಕೆನಡಾ ಅದನ್ನು 2013ರಲ್ಲೇ ತೆಗೆದುಹಾಕಿತು. ನಿಜವಾಗಿ ಎಚ್ಚರ ಬೇಕಾದದ್ದು ಬೋರ್ಡಿನ ಹತ್ತಿರ. ಬೋರ್ಡಿಗೆ ಒತ್ತಿಕೊಂಡಿದ್ದರೆ ಅಪಾಯ ಕಡಿಮೆ. ಮೂರು ನಾಲ್ಕು ಅಡಿ ದೂರದಲ್ಲಿ ತಲೆ ಬಗ್ಗಿಸಿ ನಿಂತವನು ಮುಗ್ಗರಿಸಿದರೆ ತಲೆ ಮೊದಲು ಹೋಗಿ ಬಡಿಯುತ್ತದೆ. ಅದಕ್ಕೇ ಬೋರ್ಡಿನ ಕಡೆ ಹೋಗುವಾಗ ತಲೆ ಎತ್ತು ಅಂತ ನಾವು ಗಂಟಲು ಹರಿಯುವಂತೆ ಕೂಗುವುದು. ತಲೆಗೆ ಪೆಟ್ಟಾಯಿತು ಅಂತ ಅನುಮಾನ ಬಂದರೂ ಆವತ್ತಿನ ಆಟ ಅಲ್ಲಿಗೆ ಮುಗಿಯಿತು, ಮಗು ಎಷ್ಟು ಅತ್ತರೂ ಸರಿ.

ಪುಟ್ಟಿ ಕೂಡ ಆಡಲಿ. ಇಲ್ಲಿ ಹೆಣ್ಣುಮಕ್ಕಳ ತಂಡಗಳು ಬೇರೆಯೇ ಇವೆ, ವೃತ್ತಿಪರ ಮಹಿಳಾ ಲೀಗ್ ಪಿಡಬ್ಲ್ಯುಎಚ್‌ಎಲ್ 2024ರಿಂದ ನಡೆಯುತ್ತಿದೆ. ನಮ್ಮ ದೇಶದ ಹುಡುಗಿಯರೇನು ಕಡಿಮೆ? 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಐಸ್ ಹಾಕಿ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದರು. ಆ ತಂಡದ ಬೆನ್ನೆಲುಬು ಲಡಾಖಿನವರು, ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಡಿ ಬೆಳೆದವರು. ಅವಳಿಗೆ ಆ ಆಟದ ವಿಡಿಯೊ ತೋರಿಸಿ.

ನೀವಿಬ್ಬರೂ ತಿಳಿದಿರಬೇಕಾದದ್ದು ಕೊಂಚ ಇದೆ. ಮನೆಗೆ ಒಬ್ಬರಾದರೂ ‘ರೆಸ್ಪೆಕ್ಟ್ ಇನ್ ಸ್ಪೋರ್ಟ್’ ಅನ್ನುವ ಆನ್‌ಲೈನ್ ಪಾಠ ಮುಗಿಸಬೇಕು, ಇಲ್ಲದಿದ್ದರೆ ಮಗುವನ್ನು ಆಡಿಸುವುದಿಲ್ಲ. ಗಡಿಯಾರ ನೋಡುವುದು, ಬೆಂಚಿನ ಬಾಗಿಲು ತೆಗೆಯುವುದು ಎಲ್ಲ ತಂದೆತಾಯಿಯರದ್ದೇ ಕೆಲಸ. ಐಸ್ ಸಿಗುವುದು ಎಷ್ಟೋ ಸಲ ಶನಿವಾರ ಬೆಳಗಿನ ಜಾವ. ಡಿಸೆಂಬರಿನಿಂದ ಬಡಾವಣೆಗಳ ಬಯಲು ರಿಂಕುಗಳಲ್ಲಿ ದುಡ್ಡಿಲ್ಲದೆ ಆಡಬಹುದು, ಸ್ವಯಂಸೇವಕರೇ ರಾತ್ರಿ ನೀರು ಬಿಟ್ಟು ಐಸ್ ಕಟ್ಟುತ್ತಾರೆ. ಆದರೆ ಷಿನೂಕ್ ಅನ್ನುವ ಬಿಸಿಗಾಳಿ ಬೀಸಿದರೆ ಎಲ್ಲ ಕರಗಿ, ಮತ್ತೆ ಹೆಪ್ಪುಗಟ್ಟುವಾಗ ಹಳ್ಳದಿಣ್ಣೆಯಾಗುತ್ತದೆ. ಆಗ ಬ್ಲೇಡ್ ಸಿಕ್ಕಿಕೊಂಡು ಮುಗ್ಗರಿಸುತ್ತಾರೆ, ಒಂದೆರಡು ದಿನ ಬಿಟ್ಟು ಹೋಗುವುದೇ ಒಳ್ಳೆಯದು.

ಬರುವಾಗ ಇಬ್ಬರ ಜನನ ಪ್ರಮಾಣಪತ್ರದ ಮೂಲಪ್ರತಿ ಕೈಚೀಲದಲ್ಲೇ ಇರಲಿ, ನೋಂದಣಿಗೆ ಬೇಕು. ಜುಲೈ ಕೊನೆಗೆ ಸಂಜೆ ಹೊತ್ತು, ಪಾದ ಕೊಂಚ ಊದಿಕೊಂಡಿರುವಾಗ, ಇಬ್ಬರನ್ನೂ ಬಿಳಿ ಹಾಳೆಯ ಮೇಲೆ ನಿಲ್ಲಿಸಿ ಎರಡೂ ಪಾದದ ಸುತ್ತ ಪೆನ್ಸಿಲ್ ಎಳೆದು, ಉದ್ದ, ಅಗಲ ಸೆಂಟಿಮೀಟರಿನಲ್ಲಿ ಬರೆದು ಕಳಿಸಿ. ಅದನ್ನು ನೋಡಿ ಅಂಗಡಿಯಲ್ಲಿ ಸ್ಕೇಟು ತೆಗೆದಿಡಲು ಹೇಳುತ್ತೇನೆ, ಬಂದ ಮೇಲೆ ಹಾಕಿ ನೋಡಿಯೇ ಕೊಳ್ಳೋಣ.

ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿಮ್ಮ ಪ್ರೀತಿಯ
ತಂಗಿ