'ಪಾಷಂಡಿ' ಮೊದಲು ಬೈಗುಳವಲ್ಲ

ಮಾನ್ಯರೇ,

ಮೊನ್ನೆ ಬಂಧುಗಳ ಗೃಹಪ್ರವೇಶದಲ್ಲಿ, ಪೂಜೆಗೆ ಕೂರಲ್ಲ ಎಂದ ಹುಡುಗನನ್ನು ಹಿರಿಯರೊಬ್ಬರು ಎಲ್ಲರೆದುರು 'ಪಾಷಂಡಿ', ಅಂದರೆ ಧರ್ಮಗೆಟ್ಟವನು, ಎಂದು ಬೈದರು. ಹುಡುಗ ಊಟದ ಎಲೆ ಬಿಟ್ಟು ಎದ್ದು ಹೋದ. ಹೋಳಿಗೆ ಮೇಲೆ ಹಾಕಿದ ತುಪ್ಪ ಹಾಗೇ ಗಟ್ಟಿಯಾಯಿತು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ತುಂಬಾ ನೋವಾಯಿತು.

ಈ ಪದ ಮೊದಲು ಬೈಗುಳವೇ ಅಲ್ಲ. ಅಶೋಕನ ಶಾಸನಗಳಲ್ಲಿ 'ಪಾಸಂಡ' ಅಂದರೆ ಸುಮ್ನೆ ಪಂಥ, ಅಷ್ಟೇ. ತನ್ನದೂ ಪಾಸಂಡ, ಪಕ್ಕದವನದೂ ಪಾಸಂಡ. ತನ್ನ ಪಂಥದ ಮೇಲಿನ ಪ್ರೀತಿಯಿಂದ ಇನ್ನೊಬ್ಬರದನ್ನು ಹಳಿಯುವವನು ತನ್ನ ಪಂಥಕ್ಕೇ ಜಾಸ್ತಿ ಕೇಡು ಮಾಡುತ್ತಾನೆ ಎಂದು 12ನೇ ಬಂಡೆಶಾಸನ ಹೇಳುತ್ತದೆ. ಆ ಶಾಸನ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಇದೆ! 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಅಕ್ಷರ ಕಂಡವು. ಎಲ್ಲ ಪಂಥಗಳನ್ನೂ ಗೌರವಿಸಿ ಎಂಬ ಮಾತು ಅಷ್ಟು ಕಾಲ ದೇವಿಯ ಪಾದದಡಿ ಇತ್ತು, ಅಲ್ವಾ? ನೆನೆದರೆ ಮೈ ಜುಮ್ಮೆನ್ನುತ್ತದೆ.

ಆಮೇಲೆ ಪದ ಕೆಟ್ಟಿತು. ಪಾಷಂಡಿಗಳನ್ನು ಬರೀ ಮಾತಿನಿಂದಲೂ ಗೌರವಿಸಬಾರದು ಎಂದು ಮನುಸ್ಮೃತಿ ಬರೆಯಿತು. 'ನಾಸ್ತಿಕ' ಪದಕ್ಕೂ ಅದೇ ಗತಿ. ಸಂಸ್ಕೃತ ವ್ಯಾಕರಣ ಬರೆದ ಪಾಣಿನಿಗೆ ಅದು 'ಇಲ್ಲ' ಎಂದು ನಂಬುವವನು. ಮನುವಿಗೆ ವೇದ ಹಳಿಯುವವನು.

ಶಾಲೆಯ ನಿಘಂಟುಗಳಲ್ಲಿ ಈ ಹಳೆಯ ಅರ್ಥವನ್ನೂ ಸೇರಿಸಬೇಕೆಂದು ನನ್ನ ಕೋರಿಕೆ. ಆ ಹುಡುಗನನ್ನು ಬರುವ ತಿಂಗಳು ಸನ್ನತಿಗೆ ಕರೆದುಕೊಂಡು ಹೋಗುತ್ತಿದ್ದೇನೆ.

– ನಿವೃತ್ತ ಕನ್ನಡ ಶಿಕ್ಷಕಿ, ಯಾದಗಿರಿ