ಲೇಕ್ ಲೂಯಿಸ್‌ನಲ್ಲಿ ಸ್ಪಿರಿಟ್ ಲೆವೆಲ್ ಹಿಡಿದು ಬಂದವರಿಗೆ

ಕೆನಡಾದ ಲೇಕ್ ಲೂಯಿಸ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಹೆಸರು ಹೇಳದೆಯೇ ಹೊರಟುಹೋದ ಹಿರಿಯರೇ, ನಿಮಗೆ ನಮಸ್ಕಾರ. ನಮ್ಮ ಗಾಡಿ ಎಷ್ಟು ವಾಲಿದೆ ಎಂದು ಫ್ರಿಜ್ಜಿನೊಳಗೆ ಸ್ಪಿರಿಟ್ ಲೆವೆಲ್ (ಮಟ್ಟ ನೋಡುವ ಸಾಧನ) ಇಟ್ಟು ತೋರಿಸಿದಿರಿ. ಐದು ನಿಮಿಷದ ಕೆಲಸ, ಅದರಿಂದ ಇಡೀ ಫ್ರಿಜ್ಜೇ ಉಳಿಯಿತು.

ಮೋಟರ್‌ಹೋಮ್‌ನ, ಅಂದರೆ ಒಳಗೇ ವಾಸಿಸುವ ಗಾಡಿಯ, ಗ್ಯಾಸ್ ಫ್ರಿಜ್ಜಿಗೆ ಕಂಪ್ರೆಸರ್ ಇರುವುದಿಲ್ಲ. ಕಾದ ಅಮೋನಿಯಾ ಆವಿಯಾಗಿ ಮೇಲೇರಿ, ತಣಿದು, ನೀರಿನಲ್ಲಿ ಬೆರೆತು ತನ್ನ ಭಾರಕ್ಕೆ ತಾನೇ ಕೆಳಗಿಳಿಯಬೇಕು. ಗಾಡಿ ವಾಲಿ ನಿಂತರೆ ದ್ರವ ಮರಳುವುದಿಲ್ಲ; ಅದನ್ನು ಕಾಯಿಸುವ ಬಾಯ್ಲರ್ ಒಣಗಿ ಸುಡುತ್ತದೆ, ತುಕ್ಕು ತಡೆಯಲು ಬೆರೆಸಿದ ಲವಣ ಹರಳುಗಟ್ಟಿ ಕೊಳವೆ ಮುಚ್ಚುತ್ತದೆ. ಆಮೇಲೆ ಕೂಲಿಂಗ್ ಯೂನಿಟ್ಟನ್ನೇ ಬದಲಿಸಬೇಕು. ವಾಲುವಿಕೆಯ ಸಾಮಾನ್ಯ ಮಿತಿ ಅಡ್ಡಕ್ಕೆ 3 ಡಿಗ್ರಿ, ಉದ್ದಕ್ಕೆ 6. ತಗ್ಗಿನ ಬದಿಯ ಚಕ್ರವನ್ನು ಹಲಗೆಯ ಮೇಲೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬೇರೆ ಚಕ್ರಗಳು ಉರುಳದಂತೆ ಅಡ್ಡ ಒತ್ತು ಕೊಟ್ಟ ಮೇಲೆಯೇ ಗ್ಯಾಸ್ ಹಚ್ಚಬೇಕು.

ಶೌಚದ ಟ್ಯಾಂಕಿನ ವಾಲ್ವ್ ಸದಾ ಮುಚ್ಚಿರಲಿ ಎಂದದ್ದೂ ನೀವೇ. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಭಾಗ ಗುಡ್ಡೆ ಕಟ್ಟುತ್ತದೆ. (ಅದನ್ನು ಕೆರೆಯುವ ಕೆಲಸ ಶತ್ರುವಿಗೂ ಬೇಡ.) ಖಾಲಿ ಮಾಡುವಾಗ ಮೊದಲು ಶೌಚದ ಟ್ಯಾಂಕು, ಆಮೇಲೆ ಸ್ನಾನದ ನೀರು, ಪೈಪು ತಾನೇ ತೊಳೆದುಕೊಳ್ಳುತ್ತದೆ.

ಜಾಸ್ಪರ್ ಪಟ್ಟಣದವರೆಗಿನ ಸುಮಾರು 230 ಕಿಲೋಮೀಟರ್ ದಾರಿಯಲ್ಲಿ ಇಂಧನ ಸಿಗುವುದು ಸಸ್ಕಾಚವಾನ್ ರಿವರ್ ಕ್ರಾಸಿಂಗ್‌ನಲ್ಲಿ ಮಾತ್ರ, ಹೊರಡುವಾಗಲೇ ಟ್ಯಾಂಕ್ ತುಂಬಿಸಿ ಎಂದಿರಿ. ಬೋ ಪಾಸ್ ಎಂಬ ಕಣಿವೆದಾರಿ ದಾಟಿದ ಮೇಲೆ ಕೆಳಗಿನ ಗೇರಿನಲ್ಲೇ ಇಳಿಯಿರಿ, ಬ್ರೇಕನ್ನು ಆಗಾಗ ಒತ್ತಿ ಬಿಡುತ್ತಿರಿ, ಒತ್ತಿಯೇ ಹಿಡಿದರೆ ಕಾದು ಕೈಕೊಡುತ್ತದೆ ಎಂದೂ. ಮೊರೇನ್ ಸರೋವರಕ್ಕೆ ಖಾಸಗಿ ವಾಹನ ಬಿಡುವುದಿಲ್ಲವೆಂದು ಶಟಲ್ ಬಸ್ಸಿನ ದಾರಿ ತೋರಿಸಿದವರೂ ನೀವೇ.

ನೀವು ಬಿಟ್ಟುಹೋದ ಎರಡು ಹಲಗೆಗಳು ಈಗಲೂ ಎಡಗಡೆಯ ಹಿಂಚಕ್ರದಡಿ ಇವೆ.