ಮಗಳ ಓದು, ಮನೆಯ ನಾಯಿಮರಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಮಗಳು ಪಶುವೈದ್ಯಕೀಯವನ್ನೇ ಓದುತ್ತೇನೆಂದು ಪಟ್ಟು ಹಿಡಿದಿದ್ದಾಳೆ, ನಿನಗೆ ಮನಸ್ಸಿಲ್ಲ ಎಂದು ಬರೆದಿದ್ದೀಯ. ಪತ್ರದ ಕೊನೆಯಲ್ಲಿ ಅವಳ ನಾಯಿಮರಿ ನಿನ್ನೆಯಿಂದ ಮಂಕಾಗಿದೆ, ಊಟ ಬಿಟ್ಟಿದೆ ಎಂದೂ ಇದೆ. ಮರಿಯ ವಿಷಯ ಮೊದಲು ಹೇಳಿಬಿಡುತ್ತೇನೆ, ಅದಕ್ಕೆ ಕಾಯುವಷ್ಟು ಸಮಯವಿಲ್ಲ.

ಇವತ್ತೇ ಹತ್ತಿರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗು. ವಾಂತಿ, ರಕ್ತ ಬೆರೆತ ದುರ್ವಾಸನೆಯ ಭೇದಿ ಶುರುವಾದರೆ ಪಾರ್ವೋ ಎಂಬ ವೈರಾಣು ರೋಗ ಇರಬಹುದು. ಆ ವೈರಾಣುವನ್ನೇ ಕೊಲ್ಲುವ ಖಚಿತ ಔಷಧ ನಮ್ಮ ಪಶುವೈದ್ಯರ ಕೈಯಲ್ಲಿಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಮರಿ ತಾನಾಗಿ ಗೆಲ್ಲುವವರೆಗೆ ಜೀವ ಹಿಡಿದಿಡುತ್ತೇವೆ, ಅಷ್ಟೇ. ನಿರ್ಜಲೀಕರಣವಾದ ಮೇಲೆ ತಂದರೆ ಅದೂ ಕಷ್ಟ. ಜ್ವರವೆಂದು ಮನೆಯಲ್ಲಿರುವ ಮಾತ್ರೆ ಕೊಡಲೇಬೇಡ. ಐಬುಪ್ರೊಫೆನ್ ನಾಯಿಗೆ ಹೊಟ್ಟೆಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನೂ ಕೆಡಿಸುತ್ತದೆ.

"ಒಂದು ಲಸಿಕೆ ಆಗಿದೆ" ಎಂದು ನೀನು ಧೈರ್ಯ ತಂದುಕೊಂಡಂತಿದೆ. ಒಂದು ಸಾಲದು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ನಾವು ಹಾಕಿದ ಲಸಿಕೆಯನ್ನೂ ಅದು ತಡೆಯುತ್ತದೆ. ಆ ರಕ್ಷಣೆ ಯಾವ ವಾರ ಇಳಿಯುತ್ತದೆಂದು ಹೊರಗಿನಿಂದ ತಿಳಿಯುವುದಿಲ್ಲ. ಆದ್ದರಿಂದಲೇ ಆರರಿಂದ ಎಂಟನೇ ವಾರದಲ್ಲಿ ಆರಂಭಿಸಿ, 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸಬೇಕು.

ಮೈಮೇಲೆ ಉಣುಗು ಇವೆಯೇ ನೋಡಿದೆಯಾ? ಕಿವಿಯ ಒಳಮಡಿಕೆ, ಕಾಲ್ಬೆರಳುಗಳ ಸಂದು ಬಿಡಿಸಿ ನೋಡು. ಉಣುಗು ಎಂದರೆ ನಮ್ಮ ಮಲೆನಾಡಿನವರಿಗೆ ನೆನಪಾಗುವುದು 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ನಾಯಿಗೆ ಜ್ವರ ತರುವ ಕಂದು ಉಣುಗು ಬೇರೆ. ಅದಕ್ಕೆ ಕಾಡು ಬೇಕಿಲ್ಲ, ನಿಮ್ಮ ಬೆಂಗಳೂರಿನ ಮನೆಯ ಗೋಡೆಯ ಬಿರುಕು ಸಾಕು. ಒಂದು ಹೆಣ್ಣು ಅಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಔಷಧ ಹಾಕಿ ಅದು ಮಲಗುವ ಜಾಗವನ್ನು ಹಾಗೇ ಬಿಟ್ಟವರು ಮತ್ತೆ ಮತ್ತೆ ನನ್ನ ಬಳಿ ಬರುತ್ತಾರೆ.

ಮರಿಯ ತುಟಿ ಎತ್ತಿ ಒಸಡಿನ ಮೇಲೆ ಬೆರಳೊತ್ತಿ ಬಿಡು. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಒಸಡೇ ಬಿಳಿಚಿಕೊಂಡಿದ್ದರೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆಗಳಿದ್ದರೆ, ಮೂಗಿನಿಂದ ರಕ್ತ ಬಂದರೆ, ಮೂತ್ರ ಕಾಫಿ ಡಿಕಾಕ್ಷನ್ನಿನಂತಾದರೆ ವೈದ್ಯರಿಗೆ ಹೇಳಿ ಅಂದೇ ರಕ್ತಪರೀಕ್ಷೆ ಮಾಡಿಸು. ಉಣುಗಿನಿಂದ ಬರುವ ಎರ್ಲಿಕಿಯಾ ಜ್ವರ ಎಂದಾದರೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಕೊಡಬೇಕಾಗುತ್ತದೆ. ನಾಯಿ ಮೂರನೇ ದಿನ ಅನ್ನ ತಿಂದಿತೆಂದು ಮಾತ್ರೆ ನಿಲ್ಲಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಮಗಳ ವಿಷಯ. ಓದು ಐದೂವರೆ ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಹೆಬ್ಬಾಳದ ಕಾಲೇಜು 1958ರಿಂದ ಇದೆ. ಬೀದರ್, ಶಿವಮೊಗ್ಗ, ಹಾಸನಗಳಲ್ಲೂ ಕಾಲೇಜುಗಳಿವೆ. ಪ್ರಾಣಿಗಳೆಂದರೆ ಅವಳಿಗೆ ಜೀವ ಎಂದು ಬರೆದಿದ್ದೀಯ. ಅದು ಬೇಕು, ಆದರೆ ನಮ್ಮ ಕೆಲಸದಲ್ಲಿ ಅರ್ಧ ಮನುಷ್ಯರ ಜೊತೆಗಿನ ಮಾತು. "ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಡಾಕ್ಟ್ರೇ" ಎಂದು ನಾಯಿಯನ್ನು ತರುತ್ತಾರೆ. ದವಡೆ ಜೋತುಬಿದ್ದಿರುತ್ತದೆ, ಜೊಲ್ಲು ಸುರಿಯುತ್ತಿರುತ್ತದೆ, ಮನೆಯವರು ಆಗಲೇ ಬಾಯೊಳಗೆ ಕೈ ಹಾಕಿ ಹುಡುಕಿರುತ್ತಾರೆ. ಅಲ್ಲಿ ಮೂಳೆ ಇರುವುದಿಲ್ಲ, ಅದು ರೇಬೀಸ್‌ನ ಲಕ್ಷಣ. ಆ ನಾಯಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಆದರೆ ಆ ಮನೆಯವರನ್ನು ನಲ್ಲಿಯ ಕೆಳಗೆ ನಿಲ್ಲಿಸಿ, ಸೋಪು ಹಚ್ಚಿ ಹದಿನೈದು ನಿಮಿಷ ಕೈ ತೊಳೆಸಿ, ಹೆದರಿಸದೆ, ಬಿಡದೆ, ಚುಚ್ಚುಮದ್ದಿಗೆ ಸರ್ಕಾರಿ ಆಸ್ಪತ್ರೆಗೆ ಕಳುಹಿಸುವುದು ನಮ್ಮ ಕೆಲಸ. ಒಂದು ಕುಟುಂಬದ ಜೀವ ಉಳಿಸುವ ಈ ಕೆಲಸವನ್ನು ನಿನ್ನ ನೆಂಟರು ಕಡಿಮೆಯದೆಂದು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ.

ಅವಳು ಸೇರುವುದಾದರೆ ಪ್ರಾಣಿಗಳನ್ನು ಮುಟ್ಟುವ ಮೊದಲೇ ರೇಬೀಸ್ ಮುಂಜಾಗ್ರತಾ ಲಸಿಕೆ ಹಾಕಿಸಿಕೊಳ್ಳಲಿ. ನಿರ್ಧರಿಸುವ ಮೊದಲು ರಜೆಯಲ್ಲಿ ಇಲ್ಲಿಗೆ ಕಳುಹಿಸು. ಬೆಳಗಿನ ಜಾವ ಕರು ಅಡ್ಡ ಸಿಕ್ಕಿದ ಹಸುವಿನ ಬಳಿ ಕೆಸರಿನಲ್ಲಿ ಮಂಡಿಯೂರುವುದನ್ನೂ ನೋಡಲಿ, ಮಧ್ಯಾಹ್ನ ನಾಯಿಗಳ ಸರದಿಯನ್ನೂ ನೋಡಲಿ. ಆಮೇಲೂ ಬೇಕು ಎಂದರೆ ನೀನು ಅಡ್ಡ ಬರಬೇಡ.

ರಕ್ತಪರೀಕ್ಷೆಯ ವರದಿ ಬಂದ ಕೂಡಲೇ ಮೊಬೈಲ್‌ಗೆ ಕಳುಹಿಸು. ರಾತ್ರಿಯಾದರೂ ಪರವಾಗಿಲ್ಲ, ನೋಡುತ್ತೇನೆ.

ನಿನ್ನ ಗೆಳೆಯ